ನಡುವಿನ ಸಾಲು

ಹಿರೇಗುತ್ತಿಯ ಗದ್ದೆಯಂಚಿನ ಕೇರಿಯಾದ ಕೊಪ್ಪದಿಂದ ಒಬ್ಬ ಹುಡುಗಿ ನರ್ಸಬಾಯಿ ಆಗಲು ಹೊನ್ನಾವರಕ್ಕೆ ಹೋದಾಗ ಆ ಮನೆಗೆ ತಗಲಿದ ಖರ್ಚು ಇಷ್ಟು. ಹಾಲು ಕೊಡುವ ಎಮ್ಮೆ ಹೋಯಿತು. ಅದರ ಬದಲಿಗೆ ಬಿಳಿ ಸೀರೆ, ಕುಪ್ಪಸ, ಕಾಲಿಗೆ ಬೂಟು, ನಾಡಿ ನೋಡಲು ಸೆಕೆಂಡಿನ ಮುಳ್ಳಿರುವ ಕೈಗಡಿಯಾರ ಬಂದವು. ಎಮ್ಮೆಯ ಮುಕ್ಕಾಲು ಭಾಗವನ್ನು ಗಡಿಯಾರವೇ ತಿಂದಿತು. ಅಣ್ಣ ಕುಪ್ಪನ ಮದುವೆ ಮುಂದಕ್ಕೆ ಹೋಯಿತು. ನಾಟಿಯ ಸಾಲಿನಲ್ಲಿ ಒಂದು ಜೊತೆ ಕೈ ಕಡಿಮೆಯಾಯಿತು. ಆ ಕೊಪ್ಪದ ಹೆಣ್ಣುಮಕ್ಕಳು ಕುಪ್ಪಸದ ಬದಲಿಗೆ ಚಿಕ್ಕಂದಿನಿಂದಲೇ ಹಾಕುವ, ಹುಡುಗಿಯ ಎದೆ ತುಂಬ ಇದ್ದ ಕರಿಮಣಿ ಸರಗಳನ್ನು ಬಿಚ್ಚಿ, ಬಿಸ್ಕೀಟಿನ ಡಬ್ಬಿಗೆ ಹಾಕಿ, ಅಟ್ಟದ ಮೇಲೆ ಇಟ್ಟರು. ಅದಕ್ಕೆ ಬೆಲೆ ಕಟ್ಟುವವರು ಯಾರೂ ಇರಲಿಲ್ಲ. ಆದರೂ ಅದನ್ನು ಖರ್ಚಿನಲ್ಲೇ ಸೇರಿಸಬೇಕು.

ಹುಡುಗಿಯ ಹೆಸರು ಹಮ್ಮ. ಏಳನೆಯ ಇಯತ್ತೆ ಪಾಸಾದವಳು. ಅವಳನ್ನು ಕಳಿಸಬೇಕೆಂದು ಹಟ ಹಿಡಿದವಳು ತಾಯಿ ಬಂಗಾರಿ. ಹಮ್ಮನ ಅಕ್ಕ ಜಟ್ಟಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಕೂಸು ಹೊರಬಂದ ಮೇಲೆ ರಕ್ತ ನಿಲ್ಲಲಿಲ್ಲ. ಕುಮಟೆಯಿಂದ ನರ್ಸಬಾಯಿಯನ್ನು ಕರೆತರಲು ಹೋದವರು ಅಘನಾಶಿನಿ ದಾಟಬೇಕಿತ್ತು. ಹೊಳೆಯಲ್ಲಿ ಇಳಿತ, ತಾರಿಯ ದೋಣಿ ಆಚೆ ದಡದ ಕೆಸರಿನಲ್ಲಿ ಕೂತಿತ್ತು. ನರ್ಸಬಾಯಿ ಬಂದಾಗ ಜಟ್ಟಿಯ ಕೈ ತಣ್ಣಗಾಗಿತ್ತು. ಬಂಗಾರಿ ಅವತ್ತು ಅಳುತ್ತ ಕೂರಲಿಲ್ಲ. ಬಂದ ನರ್ಸಬಾಯಿಯನ್ನು ಕೂರಿಸಿ, ಬೇಗ ಬಂದಿದ್ದರೆ ನೀವು ಎಂತ ಮಾಡುತ್ತಿದ್ದಿರಿ ಎಂದು ಒಂದೊಂದಾಗಿ ಕೇಳಿದಳು. ಆಕೆ ಹೇಳಿದಳು. ಅದು ಕೊಪ್ಪದ ಒಬ್ಬಳಾದರೂ ಕಲಿಯಬಹುದಾದ ಕೆಲಸ ಎಂದು ಬಂಗಾರಿಗೆ ತೋರಿತು. ಜಟ್ಟಿಯ ವರ್ಷಾಂತ ಮುಗಿದ ಮೇಲೆ, ಅರವತ್ತೆರಡರ ಮಳೆಗಾಲದ ಮೊದಲು, ಎಮ್ಮೆ ಮಾರಿದರು.

ಹೊನ್ನಾವರದಲ್ಲಿ ಅವಳು ಸೇರಿದ ಆಸ್ಪತ್ರೆಯ ಹಿಂದೆ ಉದ್ದನೆಯ ಹಂಚಿನ ಕಟ್ಟಡವಿತ್ತು. ಅರ್ಧದಲ್ಲಿ ತರಗತಿ, ಅರ್ಧದಲ್ಲಿ ಹುಡುಗಿಯರ ವಸತಿ. ಕೈಕೆಲಸದಲ್ಲಿ ಹಮ್ಮನ ಬಗ್ಗೆ ಯಾರಿಗೂ ದೂರು ಇರಲಿಲ್ಲ. ಗದ್ದೆಯಲ್ಲಿ ಬೆಳೆದ ಕೈ, ಭಾರ ಎತ್ತಿದರೂ ನಡುಗದು, ಹೊಲಸು ತೊಳೆದರೂ ಮುಖ ಸಿಂಡರಿಸದು. ಅವಳ ಕಷ್ಟ ಪುಸ್ತಕದ್ದು. ಪಾಠ ಕಲಿಸುವ ಅಕ್ಕೋರು ವಾರವಾರ ಪರೀಕ್ಷೆ ಇಡುತ್ತಿದ್ದರು. ಹಿಂದಿನ ದಿನದಿಂದಲೇ ಹಮ್ಮನ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತಿರಲಿಲ್ಲ. ಅಕ್ಷರ ಓದುತ್ತಿದ್ದಳು, ಅರ್ಥವೂ ಆಗುತ್ತಿತ್ತು. ಪುಸ್ತಕ ಮುಚ್ಚಿದ ಕೂಡಲೆ ಎಲ್ಲ ಹೋಗಿಬಿಡುತ್ತಿತ್ತು. ಬೆವರಿದ ಅಂಗೈಗೆ ಕಾಗದ ಅಂಟಿಕೊಂಡು ಮಸಿ ಹರಡುತ್ತಿತ್ತು. ಕೂದಲು ಬಾಚಿದರೆ ಹಣಿಗೆಯ ತುಂಬ ಬರುತ್ತಿತ್ತು.

ಅವಳ ಕೋಣೆಯ ಜೊತೆಗಾರ್ತಿ ಗಂಗಿ, ಭಟ್ಕಳದವಳು, ಬಾಯಿ ಜೋರು. ನಿನ್ನ ತಲೆಕೂದಲಿನಲ್ಲೇ ಒಂದು ಹಾಸಿಗೆ ಮಾಡಬಹುದು, ಪಾಸಾಗದಿದ್ದರೂ ಅದರ ಮೇಲೆ ಮಲಗಬಹುದು ಎನ್ನುತ್ತಿದ್ದಳು. ಹಾಗೆ ಅಂದವಳೇ ತನ್ನ ಪಾಲಿನ ಗಂಜಿಗೆ ಉಪ್ಪು ಹಾಕಿ ತಿಳಿ ಬಸಿದು ಅವಳಿಗೆ ಕುಡಿಸುತ್ತಿದ್ದಳು.

ಪಾಠವನ್ನು ಹಾಡಿಗೆ ಕೂರಿಸುವ ಯೋಚನೆ ಹಮ್ಮನಿಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಂತು. ಅವಳ ತಾಯಿ ನಾಟಿಯ ಸಾಲಿನಲ್ಲಿ ಮುಂದೆ ಹೇಳುವವಳು. ಬಂಗಾರಿ ಒಂದು ಸಾಲು ಹೇಳಿದರೆ ಹಿಂದಿನ ಹೆಂಗಸರು ಅದನ್ನೇ ತಿರುಗಿ ಹೇಳಬೇಕು. ಅಷ್ಟು ಹೊತ್ತಿಗೆ ಅವಳ ಬಾಯಿಗೆ ಮುಂದಿನ ಸಾಲು ಬಂದಿರುತ್ತದೆ. ಬೆಳಗಿನಿಂದ ಗದ್ದೆ ಮುಗಿಯುವವರೆಗೂ ಹಾಡು ಮುಗಿಯುತ್ತಿರಲಿಲ್ಲ, ಒಂದು ಸಾಲೂ ತಪ್ಪುತ್ತಿರಲಿಲ್ಲ. ಓದು ಬರದ ತಾಯಿಗೆ ಅಷ್ಟು ನೆನಪಿರುವಾಗ ತನಗೆ ಇಷ್ಟು ನೆನಪಿರಬಾರದೇ ಎಂದು ಹಮ್ಮ ಅದೇ ರಾಗದಲ್ಲಿ ಹೆರಿಗೆಯ ಪಾಠವನ್ನು ಹೇಳಿಕೊಂಡಳು.

‘ಕೈಯ ತೊಳೆ ತಂಗಿ, ಮೊಳಕೈ ತನಕ ತೊಳೆ, ಉಗುರ ಸಂದಿಯ ಮರಿಬ್ಯಾಡ’ ಎಂದು ಶುರುವಾದ ಅದು ನೀರು ಕಾಯಿಸುವುದು, ಕತ್ತರಿ ಕುದಿಸುವುದು, ಹೊಕ್ಕುಳ ಕಟ್ಟುವುದು, ಮಾಸು ಬೀಳುವುದು, ರಕ್ತ ನಿಲ್ಲದಿದ್ದರೆ ಮಾಡಬೇಕಾದ್ದು, ಹೀಗೆ ದಿನದಿನಕ್ಕೆ ಬೆಳೆಯಿತು. ಗಂಗಿ ಹಿಂದಿನಿಂದ ತಿರುಗಿ ಹೇಳುತ್ತಿದ್ದಳು. ಮೊದಲು ತಮಾಷೆಗೆ, ಆಮೇಲೆ ಅವಳಿಗೂ ಉಪಯೋಗವಾದ್ದರಿಂದ. ಹಮ್ಮನ ಹೊಟ್ಟೆಯಲ್ಲಿ ಅನ್ನ ನಿಂತಿತು. ಬರೆಯುವ ಪರೀಕ್ಷೆಯಲ್ಲಿ ಮನಸ್ಸಿನಲ್ಲೇ ಹಾಡುತ್ತ, ಮೊದಲಿನಿಂದ ಬಂದು, ಕೇಳಿದ ಕಡೆ ನಿಂತು ಬರೆಯುತ್ತಿದ್ದಳು. ಹೊತ್ತು ಹಿಡಿಯುತ್ತಿತ್ತು, ಆದರೆ ಬರೆದದ್ದು ತಪ್ಪುತ್ತಿರಲಿಲ್ಲ.

ಕೊನೆಯ ಪರೀಕ್ಷೆಯ ಬರಹ ಹಾಗೆಯೇ ದಾಟಿತು. ಉಳಿದದ್ದು ಬಾಯಿಪರೀಕ್ಷೆ. ಅದಕ್ಕೆ ಘಟ್ಟದ ಮೇಲಿನಿಂದ ಒಬ್ಬ ಡಾಕ್ಟರು ಬಂದಿದ್ದರು. ಕೆಟ್ಟವರಲ್ಲ. ಎದುರಿಗೆ ಕೂತವಳಿಗೆ ನೀರು ಬೇಕೇ ಎಂದು ಕೇಳಿದರು. ಆದರೆ ಮೊದಲಿನಿಂದ ಗಿಳಿಪಾಠ ಒಪ್ಪಿಸುವುದನ್ನು ಅವರು ಬಿಡುತ್ತಿರಲಿಲ್ಲ.

‘ಮಾಸು ಪೂರ್ತಿ ಬಿದ್ದಿದೆ. ಗರ್ಭಕೋಶ ಗಟ್ಟಿಯಾಗಿದೆ. ಆದರೂ ರಕ್ತ ಹೋಗುತ್ತಿದೆ. ಈಗ ಏನು ಮಾಡುತ್ತೀ?’

ಹಮ್ಮನಿಗೆ ಉತ್ತರ ಗೊತ್ತಿತ್ತು. ಅದು ಹಾಡಿನ ಕೊನೆಯ ಹತ್ತಿರ ಇತ್ತು. ಅವಳು ಕೈ ತೊಳೆಯುವಲ್ಲಿಂದ ಹೊರಟಳು. ಮನಸ್ಸಿನಲ್ಲಿ ನೀರು ಕಾಯುತ್ತಿದ್ದಾಗಲೇ ಡಾಕ್ಟರು, ಹೋಗಲಿ, ಗರ್ಭಕೋಶ ಮೆತ್ತಗಿದ್ದರೆ, ಎಂದು ಬೇರೆ ಕೇಳಿದರು. ಅವಳು ಅಷ್ಟರಲ್ಲಿ ಮೊದಲಿನ ಪ್ರಶ್ನೆಯ ಕಡೆ ತಲುಪಿ, ಒಳಗೆ ಎಲ್ಲಿ ಹರಿದಿದೆ ನೋಡಿ ಬಟ್ಟೆ ಒತ್ತಿ ಹಿಡಿಯಬೇಕು ಎಂದಳು. ಗರ್ಭಕೋಶ ಮೆತ್ತಗಿರುವಾಗ ಹರಿದದ್ದನ್ನು ಹುಡುಕುತ್ತೀಯಾ ಎಂದು ಡಾಕ್ಟರು ಹುಬ್ಬೇರಿಸಿದರು. ಮುಂದಿನದು ಕೇಳಿದಾಗ ಅವಳು ಇದಕ್ಕೆ ಉತ್ತರ ಕೊಟ್ಟಳು. ಹೀಗೆ ಕೇಳಿದ್ದಕ್ಕೆಲ್ಲ ಅವಳ ಉತ್ತರ ಒಂದು ಪ್ರಶ್ನೆ ಹಿಂದೆ ಉಳಿಯಿತು. ಎಲ್ಲವೂ ಸರಿಯಾದ ಉತ್ತರಗಳೇ, ಎಲ್ಲವೂ ತಪ್ಪಾದವು.

ಡಾಕ್ಟರು ಪೆನ್ನು ಮುಚ್ಚಿ ನಿಧಾನವಾಗಿ ಹೇಳಿದರು. ‘ಹುಡುಗಿ, ಹೆರುವ ಹೆಂಗಸಿನ ರಕ್ತ ಮೊದಲ ಪುಟದಿಂದ ಶುರುವಾಗುವುದಿಲ್ಲ. ನಡುವಿನಿಂದ ಶುರುವಾಗುತ್ತದೆ.’

ಆರು ತಿಂಗಳ ನಂತರ ಇನ್ನೊಮ್ಮೆ ಕೂರಬಹುದು, ಆಗಲೂ ಹೋದರೆ ಹೆಸರು ತೆಗೆಯುತ್ತಾರೆ ಎಂದು ಮೇಟ್ರನ್ ತಿಳಿಸಿದರು. ಗಂಗಿ ಪಾಸಾಗಿ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಉಳಿದಳು. ಹಮ್ಮ ಊರಿಗೆ ಏನೂ ತಿಳಿಸಲಿಲ್ಲ. ಫಲಿತಾಂಶ ತಡ ಎಂದು ಬಸ್ಸಿನವರ ಕೈಲಿ ಹೇಳಿ ಕಳಿಸಿದಳು. ಹಳೆಯ ಕಾಯಿಲೆ ಎರಡು ಪಟ್ಟಾಗಿ ಬಂತು. ಜ್ವರ ನೋಡುವ ಕಡ್ಡಿ ಕೈಯಿಂದ ಜಾರಿ ಒಡೆಯಿತು. ಪುಸ್ತಕ ತೆರೆದರೆ ಆ ಡಾಕ್ಟರ ಮಾತು ಕೇಳುತ್ತಿತ್ತು, ಅದರ ಹಿಂದೆ ಅಕ್ಕ ಜಟ್ಟಿ ಮಲಗಿದ್ದ ಚಾಪೆ ಕಾಣುತ್ತಿತ್ತು. ಅಕ್ಕನ ಹೊತ್ತಿಗೆ ತಾನೇ ಅಲ್ಲಿದ್ದರೂ ಕೈ ತೊಳೆಯುವಲ್ಲಿಂದ ಹಾಡುತ್ತ ನಿಲ್ಲುತ್ತಿದ್ದೆನೇನೋ ಎಂಬುದೇ ಅವಳನ್ನು ತಿಂದದ್ದು. ಮೇಟ್ರನ್ ಅವಳನ್ನು ಕರೆದು, ಇಷ್ಟು ಹೆದರಿಕೆ ಇರುವವರಿಗೆ ಈ ಕೆಲಸ ಬೇಡ, ಊರಿಗೆ ಹೋಗಿ ಮದುವೆಯಾಗುವುದು ಮರ್ಯಾದೆಗೆ ಕಡಿಮೆಯಲ್ಲ ಎಂದು ಸಮಾಧಾನದ ದನಿಯಲ್ಲೇ ಹೇಳಿದರು. ಆ ಸಮಾಧಾನ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಆ ಚಳಿಗಾಲದಲ್ಲಿ ಕುಪ್ಪ ತಾಯಿಯನ್ನು ಕರೆದುಕೊಂಡು ಬಂದ. ತಾರಿ ದಾಟಿ, ಕುಮಟೆಯಲ್ಲಿ ಬಸ್ಸು ಹತ್ತಿ, ಹಳದೀಪುರ ದಾಟುವಷ್ಟರಲ್ಲಿ ಬಂಗಾರಿಯ ಸೆರಗು ಕೆಂಪಾಗಿತ್ತು. ಗದ್ದೆ ಕೊಯ್ಲಿನಿಂದಲೇ ಕೆಮ್ಮು. ಮಿರ್ಜಾನದ ಪಂಡಿತರ ಕಷಾಯಕ್ಕೆ ಬಗ್ಗಿರಲಿಲ್ಲ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಬೇಕು, ಎದೆ ತುಂಬ ಮಣಿ. ತೆಗೆಯಲು ಬಂಗಾರಿ ಒಪ್ಪಲಿಲ್ಲ. ಕೊನೆಗೆ ಹಮ್ಮನೇ ಒಂದೊಂದು ಸರವಾಗಿ ಬಿಚ್ಚಿ ತನ್ನ ಮಡಿಲಿಗೆ ಹಾಕಿಕೊಂಡಳು. ಮಣಿಯ ಕೆಳಗಿನ ಚರ್ಮ ಬಿಸಿಲು ಕಾಣದೆ ಎಳೆ ಮಗುವಿನದರಂತೆ ಬೆಳ್ಳಗಿತ್ತು. ಅದರ ಕೆಳಗೆ ಒಂದೊಂದು ಎಲುಬೂ ಕಾಣುತ್ತಿತ್ತು.

ಕ್ಷಯ. ಎರಡು ಶ್ವಾಸಕೋಶಕ್ಕೂ ಹಬ್ಬಿದೆ, ಸೂಜಿ ಕೊಡೋಣ, ಆದರೆ ತಡವಾಗಿದೆ ಎಂದರು. ಆಸ್ಪತ್ರೆಯ ಹಿತ್ತಿಲ ಆಚೆ ಕೆಮ್ಮಿನವರಿಗಾಗಿ ಇದ್ದ ಸೋಗೆಯ ಚಾವಡಿಯಲ್ಲಿ ಅವಳಿಗೆ ಮಂಚ ಸಿಕ್ಕಿತು. ಮಧ್ಯಾಹ್ನ ಊಟದ ನಂತರ ಸ್ವಲ್ಪ ಹೊತ್ತು ಮಗಳು ಬಂದು ಕೂರಬಹುದು, ಮೂಗಿಗೆ ಬಟ್ಟೆ ಕಟ್ಟಿಕೊಂಡು.

ಸುದ್ದಿ ಒಡೆದವಳು ಗಂಗಿ. ಬಂಗಾರಿಗೆ ಸೂಜಿ ಕೊಡುತ್ತ, ನಿಮ್ಮ ಮಗಳು ಪದ ಕಟ್ಟಿ ನನ್ನನ್ನು ಪಾಸು ಮಾಡಿಸಿದಳು, ತಾನು ಮಾತ್ರ ಪದ ಹೇಳುತ್ತ ನಪಾಸಾದಳು ಎಂದು ನಕ್ಕಳು. ನಕ್ಕ ಮೇಲೆ ಆ ಮುಖ ನೋಡಿ, ಇವರಿಗೆ ಗೊತ್ತಿರಲಿಲ್ಲ ಎಂದು ಅವಳಿಗೆ ತಿಳಿಯಿತು.

ಮಧ್ಯಾಹ್ನ ಹಮ್ಮ ಬಂದಾಗ ಬಂಗಾರಿ ಬೈಯಲಿಲ್ಲ. ಆ ಪದವನ್ನು ಒಂದು ಸಲ ಪೂರ್ತಿ ಹೇಳು ಎಂದಳು. ಹಮ್ಮ ಹೇಳಿದಳು. ಬಂಗಾರಿ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಡಾಕ್ಟರು ಏನೇನು ಕೇಳಿದರು, ಏನು ಹೇಳಿ ಕಳಿಸಿದರು ಎಂದು ವಿಚಾರಿಸಿದಳು.

‘ಆ ಡಾಕ್ಟ್ರು ಹೇಳೂದು ಸಮ ಅದೆ,’ ಎಂದಳು. ‘ಜಟ್ಟಿಗೆ ನಡುವಿಂದ್ಲೇ ಹೋದದ್ದು.’

‘ನಂಗೆ ನಡುವಿಂದ ಬರೂದಿಲ್ಲ ಅವ್ವೆ.’

‘ನಂಗೂ ಬರೂದಿಲ್ಲ. ದೊಡ್ಡ ಹಾಡು ನಡುವಿಂದ ಹೇಳು ಅಂದ್ರೆ ನಂಗೂ ಬಾಯಿ ಕಟ್ತದೆ. ಪದ ಅಂದ್ರೆ ಅದೇಯ. ಒಂದರ ಬಾಲ ಹಿಡ್ಕಂಡೇ ಇನ್ನೊಂದು ಬರೂದು. ಬಾಲ ಕಡೀಬೇಕು, ಅಷ್ಟೇ.’

ದೊಡ್ಡ ಹಾಡು ಎಂದರೆ ಅವರ ಕೊಪ್ಪದ ಮದುವೆಗಳಲ್ಲಿ ಧಾರೆಯ ಹಿಂದಿನ ದಿನ ಹೇಳುವುದು. ಬಂಗಾರಿಗೆ ಅವಳ ಅಜ್ಜಿಯಿಂದ ಬಂದದ್ದು. ಆ ಕೊಪ್ಪದಲ್ಲಿ ಅದನ್ನು ಮುಂದೆ ಹೇಳಲು ಬರುತ್ತಿದ್ದುದು ಬಂಗಾರಿ ಒಬ್ಬಳಿಗೇ. ಹಮ್ಮನಿಗೆ ಅರ್ಧದವರೆಗೆ ಕಲಿಸಿದ್ದಳು. ಆಮೇಲೆ ಹುಡುಗಿ ಹೊನ್ನಾವರಕ್ಕೆ ಬಂದಳು.

ಹಮ್ಮನ ಚಿಕ್ಕಮ್ಮ ಸುಕ್ರಿ ಸಂಕ್ರಾಂತಿಯ ನಂತರ ಆಸ್ಪತ್ರೆಗೆ ಬಂದದ್ದು ಅದೇ ಕಾರಣಕ್ಕೆ. ಎಷ್ಟೋ ವರ್ಷದಿಂದ ಬಂಗಾರಿಯ ಹಿಂದೆ ತಿರುಗಿ ಹೇಳುತ್ತಿದ್ದವಳು. ತಿರುಗಿ ಹೇಳುವವರಿಗೆ ಮುಂದಿನ ಸಾಲು ಬೇಕಾಗುವುದಿಲ್ಲ, ಹಾಗಾಗಿ ಅಷ್ಟು ವರ್ಷ ಹೇಳಿದರೂ ಅವಳಿಗೆ ಅದು ಬರುತ್ತಿರಲಿಲ್ಲ. ಮಡಿಲಲ್ಲಿ ಅವಲಕ್ಕಿ ಕಟ್ಟಿಕೊಂಡು ಬಂದು ಮಂಚದ ಕಾಲಿನ ಹತ್ತಿರ ಕೂತು, ಊರಿನ ಸುದ್ದಿಯೆಲ್ಲ ಹೇಳಿ ಮುಗಿಸಿ, ಕೊನೆಗೆ ವಿಷಯಕ್ಕೆ ಬಂದಳು.

‘ಅಕ್ಕ, ಉಳದ ಅರ್ಧ ಹಮ್ಮನ ಬಾಯಿಗೆ ಹಾಕಿ ಬಿಡು. ದಿನಾ ಮಧ್ಯಾನ ಬತ್ತದಲ್ಲ ಕೂಸು.’

‘ಕೂಸಿಗೆ ಪರೀಕ್ಷೆ ಅದೆ.’

‘ಪರೀಕ್ಷೆ ಮತ್ತೂ ಬತ್ತದೆ. ನೀನು ಮತ್ತೆ ಬತ್ಯ?’

ಹಮ್ಮ ತಾಯಿಯ ಹೊದಿಕೆಯ ಅಂಚು ಸರಿಮಾಡಿದಳು.

ಬಂಗಾರಿ ಉಸಿರು ಕೂಡಿಸಿಕೊಂಡಳು. ‘ನಂಗೆ ಇರೂ ಉಸಿರು ಒಂದಕ್ಕೇ ಸಾಕು ಸುಕ್ರಿ. ಎರಡಕ್ಕೆ ಸಾಲೂದಿಲ್ಲ. ಜಟ್ಟಿ ಸಾಯೂವಾಗ ನಂಗೆ ದೊಡ್ಡ ಹಾಡು ಪೂರ್ತಿ ಬತ್ತಿತ್ತು. ಎಂತ ಆತು ಅದರಿಂದ?’

‘ಹಾಂಗಾರೆ ನಮ್ಮ ಮದಿ ಎಲ್ಲ ಮೂಕ ಆಗೂದು.’

‘ಮೂಕ ಮದಿ ಆದ್ರೂ ಮಕ್ಕಳು ಹುಟ್ತಾರೆ. ಹುಟ್ಟೂವಾಗ ಒಬ್ಬರು ಬೇಕು.’

ಸುಕ್ರಿ ಸಿಟ್ಟಿನಿಂದ ಅವಲಕ್ಕಿಯ ಗಂಟನ್ನು ಬಿಚ್ಚದೆಯೇ ಮಂಚದ ಮೇಲೆ ಇಟ್ಟು ಹೋದಳು. ಹಿತ್ತಿಲು ದಾಟುವಾಗ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದುದು ಚಾವಡಿಗೆ ಕಾಣಿಸಿತು.

ಅಲ್ಲಿಂದ ದಿನವೂ ಬಾಲ ಕಡಿಯುವುದೇ ನಡೆಯಿತು. ಬಂಗಾರಿ ಪದದ ಯಾವುದೋ ಒಂದು ಮಾತು ಎತ್ತಿ ಎಸೆಯುತ್ತಿದ್ದಳು. ಹಮ್ಮ ಅದರ ಮುಂದಿನದು ಹೇಳಬೇಕು. ಆಮೇಲೆ ಹಿಂದಿನದು. ಹೇಳುವಾಗ ರಾಗ ಬಂದರೆ ಬಂಗಾರಿ ಮಂಚದ ಪಟ್ಟಿಗೆ ಬೆರಳಿನಿಂದ ಕುಟ್ಟುತ್ತಿದ್ದಳು. ಮೊದಮೊದಲು ಕೂತಷ್ಟು ಹೊತ್ತೂ ಕುಟ್ಟುವುದೇ ಆಯಿತು. ಹಮ್ಮನ ತುಟಿ ರಾಗವಿಲ್ಲದೆ ಅಲುಗುತ್ತಲೇ ಇರಲಿಲ್ಲ. ಒಮ್ಮೆ ಅಳುತ್ತ, ಇದು ನನ್ನಿಂದ ಆಗದು, ಗದ್ದೆಗೇ ಹೋಗುತ್ತೇನೆ ಎಂದಳು. ಬಂಗಾರಿ ಅವಳು ಅತ್ತು ಮುಗಿಸುವವರೆಗೆ ಕಾದು, ಮಾಸು ಅರ್ಧ ಒಳಗೇ ಉಳಿದರೆ, ಎಂದು ಕೇಳಿದಳು. ಅಳುವಿನ ನಡುವೆ ಹಮ್ಮ ಉತ್ತರ ಹೇಳಿದಳು. ಹೇಳಿದ ಮೇಲೆ ತಾನೇ ಬೆರಗಾಗಿ ಕೂತಳು. ಅದರಲ್ಲಿ ರಾಗ ಇರಲಿಲ್ಲ.

ಅನಂತರ ಅದು ಬೇಗ ಬೇಗ ಮುರಿಯುತ್ತ ಬಂತು. ಬಂಗಾರಿ ತಾನೇ ಹೊಸದಾಗಿ ಕಟ್ಟಿ ಕೇಳತೊಡಗಿದಳು. ದೀಪ ಆರಿಹೋಗಿದೆ, ಜೊತೆಗೆ ಯಾರಿಲ್ಲ, ಕೂಸು ಅಳುತ್ತಿಲ್ಲ, ತಾಯಿಯ ತುಟಿ ಬೆಳ್ಳಗಾಗಿದೆ, ಮೊದಲು ಯಾರನ್ನು ಮುಟ್ಟುತ್ತೀ. ಅವಳು ಕೇಳುತ್ತಿದ್ದುದೆಲ್ಲ ಜಟ್ಟಿಯ ಚಾಪೆಯ ಸುತ್ತ ನಡೆದದ್ದೇ ಎಂದು ಹಮ್ಮನಿಗೆ ಗೊತ್ತಾಗುತ್ತಿತ್ತು. ಇಬ್ಬರೂ ಜಟ್ಟಿಯ ಹೆಸರು ಎತ್ತಲಿಲ್ಲ. ಹಮ್ಮನ ಕೈಯಿಂದ ಸಾಮಾನು ಜಾರುವುದು ನಿಂತಿತು. ಇತ್ತ ಬಂಗಾರಿಯ ಪ್ರಶ್ನೆಗಳು ಚಿಕ್ಕದಾಗುತ್ತ ಬಂದವು. ಕೊನೆಕೊನೆಗೆ ಒಂದೇ ಶಬ್ದ ಹೇಳುತ್ತಿದ್ದಳು. ಜ್ವರ. ಮಾಸು. ರಕ್ತ. ಆಮೇಲೆ ಬೆರಳು ಮಾತ್ರ ಆಡುತ್ತಿತ್ತು. ಪಕ್ಕದ ಮಂಚದ ತಿಮ್ಮಪ್ಪ ಎಂಬ ಮುದುಕ, ಕೆಮ್ಮು ಬಿಟ್ಟ ಹೊತ್ತಿನಲ್ಲಿ, ಈ ಪಾಠ ಕೇಳಿ ಕೇಳಿ ನಾನೇ ಹೆರಿಗೆ ಮಾಡಿಸಬಲ್ಲೆ ಎನ್ನುತ್ತಿದ್ದ. ಅವನು ಹೋಳಿಯ ಮೊದಲೇ ಹೋದ. ಅವನ ಮಂಚಕ್ಕೆ ಬೇರೆಯವರು ಬಂದರು.

ಎರಡನೆಯ ಬಾಯಿಪರೀಕ್ಷೆ ಬೇಸಗೆಯ ಬಿಸಿಲು ಏರಿದ ಮೇಲೆ ನಡೆಯಿತು. ಈ ಸಲ ಬಂದವರು ಬೇರೆ ಡಾಕ್ಟರು, ಇನ್ನೂ ಅವಸರದವರು. ಅರ್ಧ ಪ್ರಶ್ನೆಗೇ ಅವರ ಕಣ್ಣು ಕಿಟಕಿಯ ಕಡೆ ಹೋಗುತ್ತಿತ್ತು. ಹಮ್ಮ ಕೇಳಿದ್ದಕ್ಕೆ ಕೇಳಿದ ಹಾಗೆಯೇ ಹೇಳಿದಳು. ಹೇಳುವಾಗ ಅವಳ ಬೆರಳು ಮೇಜಿನ ಕೆಳಗೆ ತಾಳ ಹಾಕದೆ ಸುಮ್ಮನೆ ಇತ್ತು.

ಸಮವಸ್ತ್ರದಲ್ಲೇ ಚಾವಡಿಗೆ ಓಡಿದಳು. ಬಂಗಾರಿ ಗೋಡೆಗೆ ಒರಗಿದ್ದಳು.

‘ನಡುವಿಂದ ಕೇಳ್ರಾ?’

‘ಕೇಳ್ರು.’

‘ಹೇಳ್ದ್ಯ?’

‘ಹೇಳ್ದೆ ಅವ್ವೆ.’

‘ಆತು,’ ಎಂದಳು ಬಂಗಾರಿ.

ಅದಾದ ಮೇಲೆ ಅವಳು ಹೆಚ್ಚು ಮಾತಾಡಲಿಲ್ಲ. ಒಂದು ಮಧ್ಯಾಹ್ನ ಹಮ್ಮ ಹತ್ತಿರ ಬಗ್ಗಿ, ದೊಡ್ಡ ಹಾಡಿನ ಉಳಿದದ್ದನ್ನು ಸ್ವಲ್ಪ ಹೇಳುತ್ತೀಯಾ ಎಂದು ಕೇಳಿದಳು. ಬಂಗಾರಿ ತುಟಿ ತೆರೆದಳು. ಬಂದದ್ದು ಕೆಮ್ಮು. ಕೆಮ್ಮು ನಿಂತ ಮೇಲೆ ಬೇಡವೆಂದು ಕೈ ಆಡಿಸಿದಳು. ವಾರದೊಳಗೆ ಹೋದಳು. ಮಣಿಗಳನ್ನು ಕೊರಳಿಗೆ ತಿರುಗಿ ಹಾಕಿದವಳು ಹಮ್ಮ. ಬಿಚ್ಚಿದ ಕ್ರಮದಲ್ಲೇ ಹಾಕಬೇಕೆಂದು ಹೊರಟಳು, ಯಾವುದು ಮೊದಲು ಎಂಬುದು ನೆನಪಿಗೆ ಬರಲಿಲ್ಲ.

ಫಲಿತಾಂಶ ಮಳೆ ಹಿಡಿದ ಮೇಲೆ ಬಂತು. ಪಾಸು.

ಮುಂದಿನ ವರ್ಷ ಕುಪ್ಪನ ಮದುವೆ. ಹಮ್ಮ ಕುಪ್ಪಸದ ಮೇಲೆ ಅಟ್ಟದ ಡಬ್ಬಿಯ ಮಣಿ ಹಾಕಿಕೊಂಡು ಬಂದಿದ್ದಳು. ಧಾರೆಯ ಹಿಂದಿನ ದಿನ ಹೆಂಗಸರೆಲ್ಲ ಚಪ್ಪರದಲ್ಲಿ ಕೂತರು. ಸುಕ್ರಿ ಅವಳ ಕೈ ಹಿಡಿದು ಮುಂದೆ ಕೂರಿಸಿದಳು. ಬಂದಷ್ಟು ಹೇಳು ಮಗಾ, ಅರ್ಧವಾದರೂ ಸಾಕು, ಹಿಂದೆ ನಾವು ಇದ್ದೇವೆ ಎಂದಳು. ಹಮ್ಮ ಮೊದಲ ಸಾಲು ಹೇಳಿದಳು. ಹೆಂಗಸರು ತಿರುಗಿ ಹೇಳಿದರು. ಎರಡನೆಯದೂ ಬಂತು. ಮೂರನೆಯದಕ್ಕೆ ಬಾಯಿ ತೆರೆದಾಗ ಎಲ್ಲೋ ಮುಂದಿನ ಒಂದು ಸಾಲು ಎದುರಿಗೆ ಬಂದು ನಿಂತಿತು, ಅದರ ಪಕ್ಕದಲ್ಲಿ ಇನ್ನೊಂದು. ಯಾವುದಕ್ಕೂ ಬಾಲವಿರಲಿಲ್ಲ. ಕಲಿತ ಅರ್ಧದ ಯಾವ ಸಾಲನ್ನು ಕೇಳಿದ್ದರೂ ಅವಳು ಹೇಳುತ್ತಿದ್ದಳು. ಆದರೆ ಅಲ್ಲಿ ಯಾರೂ ಕೇಳುತ್ತಿರಲಿಲ್ಲ, ಎಲ್ಲರೂ ಕಾಯುತ್ತಿದ್ದರು. ಸುಕ್ರಿ ತಾನು ಹೇಳಿ ಮುಗಿಸಿದ್ದ ಎರಡನೆಯ ಸಾಲನ್ನೇ ಇನ್ನೊಮ್ಮೆ ಹೇಳಿದಳು, ಮತ್ತೊಮ್ಮೆ ಹೇಳಿದಳು. ಆಮೇಲೆ ಅವಳೂ ನಿಲ್ಲಿಸಿದಳು. ಯಾರೋ ಎಲೆ ಅಡಿಕೆಯ ತಟ್ಟೆ ಮುಂದೆ ಮಾಡಿದರು.

ಸುಕ್ರಿ ಅವಳನ್ನು ಬೈಯಲಿಲ್ಲ. ಹೊರಡುವಾಗ ಅವಳ ಮಡಿಲಿಗೆ ಅವಲಕ್ಕಿ ಕಟ್ಟಿದಳು. ಕುಪ್ಪನ ಬಸುರಿ ಹೆಂಡತಿಗೆ ದಿನ ಹತ್ತಿರವಾದಾಗ ಹಳದೀಪುರಕ್ಕೆ ಹಮ್ಮನಿಗೆ ಹೇಳಿ ಕಳಿಸಿದವಳೂ ಅವಳೇ.

ಸರ್ಕಾರದವರು ಹಮ್ಮನನ್ನು ಹಳದೀಪುರಕ್ಕೆ ಹಾಕಿದ್ದರು. ಹೇಳಿಕೆ ಬಂದ ದಿನವೇ ರಜೆ ಹಾಕಿ, ತಾರಿ ದಾಟಿ, ದಿನ ತುಂಬುವ ಮೊದಲೇ ಕೊಪ್ಪಕ್ಕೆ ಬಂದು ಕೂತಳು. ಆ ಹೆರಿಗೆಯಲ್ಲೂ ಕೂಸು ಬಂದ ಮೇಲೆ ರಕ್ತ ಹೋಗತೊಡಗಿತು. ಹಮ್ಮನಿಗೆ ಅದು ಎಲ್ಲಿಂದ ಹೋಗುತ್ತಿದೆ ಎಂದು ಗೊತ್ತಾಯಿತು, ಕೂಡಲೇ ಗೊತ್ತಾಯಿತು.

ಆ ತಾಯಿ ಉಳಿದಳು, ಕೂಸೂ ಉಳಿಯಿತು. ದೊಡ್ಡ ಹಾಡು ಹೋಯಿತು. ಆ ಕೊಪ್ಪದಲ್ಲಿ ಈಗ ಅದರ ಎರಡು ಸಾಲು ಮಾತ್ರ ಎಲ್ಲರಿಗೂ ಬರುತ್ತದೆ.